ಸಾಲ ತೀರಿಸುವ ಮನಸ್ಸು

ಸಾಲವೆಂಬ ಮಾತು ಕೇಳದ ಮನೆ ನಮ್ಮ ಸೀಮೆಯಲ್ಲಿ ಉಂಟೆ? ಹೊಲವಿದ್ದವನಿಗೆ ಬಿತ್ತನೆಯ ಸಾಲ, ಹೊಲವಿಲ್ಲದವನಿಗೆ ಹೊಟ್ಟೆಯ ಸಾಲ, ಮಗಳಿದ್ದವನಿಗೆ ಮದುವೆಯ ಸಾಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳುತ್ತಾರೆ. ಮಾತು ನಿಜ. ಆದರೆ ಹಾಸಿಗೆಯನ್ನೇ ಅಡವಿಟ್ಟವನು ಕಾಲನ್ನೆಲ್ಲಿ ಚಾಚಬೇಕು? ಸಾಲ ಮಾಡಬೇಡವೆಂಬ ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ. ಆಗಿಹೋದ ಸಾಲದಿಂದ ಹೊರಬರುವ ದಾರಿಯನ್ನು ಹೇಳುವವರು ಮಾತ್ರ ವಿರಳ.

ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡಿರುವ ನನಗೆ ಈ ಪ್ರಶ್ನೆ ಬಹುದಿನಗಳಿಂದ ಕಾಡುತ್ತಿತ್ತು. ಆದುದರಿಂದ ಕಳೆದ ಬೇಸಿಗೆಯ ರಜೆಯಲ್ಲಿ ಜೇವರ್ಗಿ ತಾಲ್ಲೂಕಿನ ನಮ್ಮ ಮನೆಯಲ್ಲಿ, ಆಳಂದ ತಾಲ್ಲೂಕಿನ ಸೋದರಮಾವನ ಮನೆಯಲ್ಲಿ, ಅಫಜಲಪುರ ತಾಲ್ಲೂಕಿನ ಅಕ್ಕನ ಮನೆಯಲ್ಲಿ ಇದೊಂದನ್ನೇ ಕೇಳುತ್ತ ಹೋದೆನು: “ನೀವು ಸಾಲ ತೀರಿಸಿದ್ದು ಹೇಗೆ? ಅದಕ್ಕಿಂತ ಮೊದಲು, ತೀರಿಸಲೇಬೇಕೆಂದು ನಿಮಗೆ ಅನ್ನಿಸಿದ್ದು ಯಾಕೆ?” ಅವರ ಉತ್ತರಗಳಿಂದ ನನಗೆ ತಿಳಿದದ್ದಿಷ್ಟು: ಬಡ್ಡಿಯ ಲೆಕ್ಕ ತಿಳಿದ ಮಾತ್ರಕ್ಕೆ ಯಾರೂ ಸಾಲ ತೀರಿಸುವುದಿಲ್ಲ, ಮನಸ್ಸಿಗೆ ತಾಗುವ ಒಂದು ಕಾರಣ ಬೇಕು. ಆದರೆ ಕಾರಣವೊಂದೇ ಇದ್ದು ಲೆಕ್ಕವಿಲ್ಲದಿದ್ದರೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಇವೆರಡನ್ನೂ ಕ್ರಮವಾಗಿ ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ. ಬ್ರಿಟಿಷ್ ಭಾರತದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಆಗ ನಮ್ಮ ಮೂರು ತಾಲ್ಲೂಕುಗಳು ನಿಜಾಮರ ಆಡಳಿತದಲ್ಲಿದ್ದವು. 1948ರ ವರೆಗೂ ಹಾಗೆಯೇ ಇದ್ದು, 1956ರಲ್ಲಿ ಕನ್ನಡ ನಾಡಿನಲ್ಲಿ ಸೇರಿದವು. ರಿಸರ್ವ್ ಬ್ಯಾಂಕು 1951-52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಿದ್ದಿತು. ದೇಶದ ರೈತರು ತಂದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳಿಂದ ಬಂದದ್ದು ಸುಮಾರು 3 ರೂಪಾಯಿ. ಲೇವಾದೇವಿಗಾರರಿಂದ ಬಂದದ್ದು ಸುಮಾರು 70 ರೂಪಾಯಿ! ಅನಂತರ 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, 1975ರಲ್ಲಿ ಗ್ರಾಮೀಣ ಬ್ಯಾಂಕುಗಳು, 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡು ಹೀಗೆ ಒಂದೊಂದಾಗಿ ಬಾಗಿಲುಗಳು ತೆರೆದವು. ಆದರೂ ಸಾಹುಕಾರನ ಬಾಗಿಲು ಮುಚ್ಚಲಿಲ್ಲ. ಏಕೆಂದರೆ ಬ್ಯಾಂಕು ಪಹಣಿ ಕೇಳುತ್ತದೆ, ಜಾಮೀನು ಕೇಳುತ್ತದೆ, ನಾಳೆ ಬಾ ಎನ್ನುತ್ತದೆ. ಸಾಹುಕಾರನು ರಾತ್ರಿ ಹತ್ತು ಗಂಟೆಗೂ ಕೊಡುತ್ತಾನೆ.

ನಮ್ಮ ಭಾಗದ ಸಾಲಕ್ಕೆ ಇನ್ನೊಂದು ಕಾರಣ ನಮ್ಮ ಬೆಳೆಯ ಕಾಲಗತಿ. ಕಪ್ಪು ನೆಲ, ಮಳೆಯ ನೀರು, ತೊಗರಿಯ ಬೆಳೆ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿ ಕೀರ್ತಿಯೇನೋ ಹೆಚ್ಚಿತು. ಆದರೆ ಜೂನ್-ಜುಲೈ ತಿಂಗಳಲ್ಲಿ ಬಿತ್ತಿದ ತೊಗರಿಯ ಹಣ ಕೈಗೆ ಬರುವುದು ಜನವರಿಯ ಹೊತ್ತಿಗೆ. ಆರೇಳು ತಿಂಗಳು ಖರ್ಚು ದಿನವೂ ಇದೆ, ಉತ್ಪನ್ನ ಒಂದು ದಿನವೂ ಇಲ್ಲ. ಕಿರಾಣಿ ಅಂಗಡಿಯ ಉದ್ರಿ, ಗೊಬ್ಬರದ ಉದ್ರಿ, ಆಸ್ಪತ್ರೆಯ ಕೈಸಾಲ, ಎಲ್ಲವೂ ಆ ಒಂದು ರಾಶಿಯ ಮೇಲೆ ಕಣ್ಣಿಟ್ಟು ಕೂತಿರುತ್ತವೆ. ಮಳೆ ಕೈಕೊಟ್ಟರೆ ಅಥವಾ ಬೆಳೆ ನೆಟೆರೋಗದಿಂದ ಒಣಗಿದರೆ ರಾಶಿಯಿಲ್ಲ. ಸಾಲ ಮಾತ್ರ ಮುಂದಿನ ವರ್ಷಕ್ಕೆ ನಡೆದುಹೋಗುತ್ತದೆ.

ಈಗ ಆ ಮೂವರ ಕಾರಣಗಳಿಗೆ ಬರೋಣ.

ಆಳಂದದ ನಮ್ಮ ಮಾವ ಬೀಜ-ಗೊಬ್ಬರಕ್ಕೆ ಪ್ರತಿ ವರ್ಷ ಒಬ್ಬ ಅಡತಿ ವ್ಯಾಪಾರಿಯಲ್ಲಿ ಮುಂಗಡ ತರುತ್ತಿದ್ದರು. ಹಣ ತಂದಲ್ಲಿಗೇ ಮಾಲು ಹಾಕಬೇಕೆಂಬುದು ಬರೆಯದ ಕರಾರು. ಎಲ್ಲರ ತೊಗರಿಯೂ ಒಮ್ಮೆಲೇ ಗಂಜಿಗೆ ಬಂದು ದರ ಇಳಿದ ದಿನವೇ ಮಾವನ ಚೀಲಗಳೂ ಇಳಿಯಬೇಕು. “ಮಾಲ ನಂದು, ರೇಟ ಅವಂದು” ಎಂದು ಅವರು ಒಂದೇ ಮಾತಿನಲ್ಲಿ ಹೇಳಿದರು. ಅವರನ್ನು ಎಬ್ಬಿಸಿದ್ದು ಬಡ್ಡಿಯಲ್ಲ. ತನ್ನ ಬೆಳೆಯನ್ನು ತನ್ನ ಇಚ್ಛೆಯಂತೆ ಮಾರಲಾಗದ ಸಂಕಟ. ಸೊಸಾಯಿಟಿಯಲ್ಲಿ ಬೆಳೆಸಾಲ ತೆಗೆದು, ಅಡತಿಯ ಬಾಕಿಯನ್ನು ಮೂರು ಸುಗ್ಗಿಯಲ್ಲಿ ಮುಗಿಸಿದರು. ನಾಲ್ಕನೆಯ ವರ್ಷ ಚೀಲಗಳು ಮನೆಯಲ್ಲಿಯೇ ಉಳಿದವು. ಲಾಭವೆಷ್ಟಾಯಿತೆಂದು ನಾನು ಕೇಳಿದೆ. “ಲಾಭದ ಮಾತ ಬಿಡು. ಚೀಲದ ಮ್ಯಾಲ ಕೈ ಇಟ್ಟು ಇದು ನಂದು ಅಂದೆ, ಅಷ್ಟ ಸಾಕು” ಎಂದರು.

ಅಫಜಲಪುರದ ಅಕ್ಕನ ಕಥೆ ಬೇರೆ. ಅವಳು ಮೂರು ಕಡೆಯಿಂದ ಸಣ್ಣ ಸಾಲ ತೆಗೆದಿದ್ದಳು. ಮೂರಕ್ಕೂ ವಾರದ ಕಂತು. ಗುರುವಾರ ಬಂತೆಂದರೆ ವಸೂಲಿಯವರು ಅಂಗಳದಲ್ಲಿ ಕೂಡುವರು. ಒಂದು ದಿನ ನಾಲ್ಕನೆಯ ತರಗತಿಯ ಮಗಳು, “ಅವ್ವಾ, ಗುರುವಾರ ನಾ ಸಾಲಿಗಿ ಹೋಗಲ್ಲ. ಅವರು ಬರ್ತಾರಲ್ಲ, ನೀ ಒಬ್ಬಾಕೀನೇ ಇರ್ತಿ” ಎಂದಳಂತೆ. ತಾಯಿಯ ಸಾಲಕ್ಕೆ ಮಗು ಕಾವಲು ಕೂಡುವುದೇ? ಅಂದಿನಿಂದ ಅಕ್ಕ ಹೊಸ ಸಾಲ ಮುಟ್ಟಲಿಲ್ಲ. ಮೂರರಲ್ಲಿ ಅತಿ ಸಣ್ಣದನ್ನು ಮೊದಲು ಮುಗಿಸಿದಳು. ಅದರ ಕಂತಿನ ಹಣವನ್ನು ಎರಡನೆಯದಕ್ಕೆ ಕೂಡಿಸಿದಳು, ಅದು ಮುಗಿದ ಮೇಲೆ ಎರಡನ್ನೂ ಮೂರನೆಯದಕ್ಕೆ. ಅವಳಿಗೆ ಸ್ವಸಹಾಯ ಸಂಘದ ಉಳಿತಾಯವೂ ಆಸರೆಯಾಯಿತು.

ಇನ್ನು ನಮ್ಮ ತಂದೆಯವರದು. ಅಕ್ಕನ ಮದುವೆಗೆಂದು ತಂದ ಒಂದು ಲಕ್ಷ ರೂಪಾಯಿಗೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಬಡ್ಡಿ. ಪ್ರತಿ ಸುಗ್ಗಿಯಲ್ಲಿ ಬಡ್ಡಿ ಕಟ್ಟಿ, ಅಸಲಿಗೆ ಕೈಮುಗಿದು ಬರುತ್ತಿದ್ದರು. ಒಂದು ಸಂಜೆ ಲೆಕ್ಕ ಬರೆದು ಅವರಿಗೆ ಓದಿ ಹೇಳಿದೆನು. ತಿಂಗಳಿಗೆ ಮೂರೆಂದರೆ ವರ್ಷಕ್ಕೆ ಮೂವತ್ತಾರು. ಲಕ್ಷಕ್ಕೆ 36,000 ರೂಪಾಯಿ. 2025-26ರ ಸಾಲಿಗೆ ಕೇಂದ್ರ ಸರಕಾರವು ತೊಗರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಬೆಲೆಯೇ ಸಿಕ್ಕಿತೆಂದರೂ ಬಡ್ಡಿಗೆ ನಾಲ್ಕೂವರೆ ಕ್ವಿಂಟಲ್ ತೊಗರಿ ಬೇಕು. ನಮ್ಮ ಹೊಲದಲ್ಲಿ ಒಳ್ಳೆಯ ವರ್ಷ ಎಕರೆಗೆ ಬರುವುದೇ ಅಷ್ಟು. ತಂದೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಬೇವಿನ ಗಿಡದ ಕಡಿ ಎಕರೆ ನಂದಲ್ಲ. ವರ್ಷಾ ಅವರಿಗೇ ಬಿತ್ಲಿಕತ್ತೀನಿ” ಎಂದರು. ಆಮೇಲೆ ಹೇಳಿದ ಮಾತು ಇದು: “ನಾ ಸತ್ತ ಮ್ಯಾಲ ಇದು ನಿನ್ನ ಕೊಳ್ಳಿಗಿ ಬೀಳಬಾರ್ದು.” ಕಾಯಿದೆಯ ಪ್ರಕಾರ ಮಗನು ತಂದೆಯ ಸಾಲಕ್ಕೆ ಬಾಧ್ಯನಾಗುವುದು ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರವೆಂದು ನಾನು ವಿವರಿಸಬಹುದಾಗಿತ್ತು. ಆದರೆ ಆ ಆಸ್ತಿಯೆಂದರೆ ಆ ಹೊಲವೇ ಅಲ್ಲವೆ?

ಹೀಗೆ ಒಬ್ಬರಿಗೆ ಸ್ವಾತಂತ್ರ್ಯ, ಒಬ್ಬರಿಗೆ ಮಗು, ಒಬ್ಬರಿಗೆ ನೆಲ. ಸಾಲ ಯಾವುದನ್ನು ನಮ್ಮಿಂದ ದೂರ ಇಟ್ಟಿದೆಯೆಂಬುದನ್ನು ಹೆಸರು ಹಿಡಿದು ಹೇಳಬಲ್ಲವನಿಗೆ ಸಂತೆಯಲ್ಲಿ ಕೈ ಹಿಡಿತಕ್ಕೆ ಬರುತ್ತದೆ. ಬರಿಯ ‘ದುಂದು ಮಾಡಬಾರದು’ ಎಂಬ ನೀತಿಗೆ ಆ ಬಲವಿಲ್ಲ.

ಮನಸ್ಸು ಗಟ್ಟಿಯಾದ ಮೇಲೆ ಲೆಕ್ಕ. ಮೊದಲನೆಯದಾಗಿ, ಇರುವ ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಬೇಕು: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಗಡುವು ಯಾವಾಗ. ಎರಡನೆಯದಾಗಿ, ತುಟ್ಟಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸಲು ಸಾಧ್ಯವೇ ನೋಡಬೇಕು. ನಮ್ಮ ತಾಯಿ ತಾನಾಗಿಯೇ ತನ್ನ ಬಂಗಾರವನ್ನು ತೆಗೆದುಕೊಟ್ಟಳು. ಅದನ್ನು ಬ್ಯಾಂಕಿನಲ್ಲಿಟ್ಟು, ವರ್ಷಕ್ಕೆ ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಲಕ್ಷ ರೂಪಾಯಿ ತಂದು ಸಾಹುಕಾರನ ಪತ್ರ ಬಿಡಿಸಿಕೊಂಡೆವು. ಈಗ ನೋಡಿರಿ. ಮೊದಲಿನಂತೆ ವರ್ಷಕ್ಕೆ ಅದೇ 36,000 ರೂಪಾಯಿ ಕಟ್ಟಿದರೆ ಮೊದಲ ವರ್ಷದ ಕೊನೆಗೆ ಉಳಿಯುವ ಬಾಕಿ 73,000. ಎರಡನೆಯ ವರ್ಷ 43,570. ಮೂರನೆಯ ವರ್ಷ ಸುಮಾರು 11,500. ನಾಲ್ಕನೆಯ ವರ್ಷ ಹನ್ನೆರಡೂವರೆ ಸಾವಿರಕ್ಕೆ ಸಾಲವೇ ತೀರುತ್ತದೆ. ಅಲ್ಲಿ ಜೀವಮಾನವೆಲ್ಲ ಕಟ್ಟಿದರೂ ಲಕ್ಷ ಲಕ್ಷವಾಗಿಯೇ ನಿಲ್ಲುತ್ತಿತ್ತು. ಒಂದು ವೇಳೆ ಬಡ್ಡಿಯನ್ನೂ ಕಟ್ಟದೆ ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುತ್ತ ಹೋಗಿದ್ದರೆ ಮೂರು ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತಿತ್ತು. ಆದರೆ ಎಚ್ಚರಿಕೆ: ಹಳೆಯ ಸಾಲ ತೀರಿಸಲು ತಂದ ಹಣ ಬೇರೆ ಖರ್ಚಿಗೆ ಹೋದರೆ ಎರಡು ಸಾಲವಾಗುತ್ತದೆ, ಬಂಗಾರವೂ ಹೋಗುತ್ತದೆ.

ಮೂರನೆಯದು ಸರದಿ. ಹೆಚ್ಚಿನ ಬಡ್ಡಿಯ ಸಾಲವನ್ನು ಮೊದಲು ತೀರಿಸಿದರೆ ಹಣ ಉಳಿಯುತ್ತದೆ. ಅಕ್ಕನಂತೆ ಸಣ್ಣ ಸಾಲವನ್ನು ಮೊದಲು ತೀರಿಸಿದರೆ ಧೈರ್ಯ ಬೆಳೆಯುತ್ತದೆ. ಬಡ್ಡಿಯಲ್ಲಿ ಬಹಳ ಅಂತರವಿದ್ದಲ್ಲಿ ಮೊದಲನೆಯ ದಾರಿ ಮೇಲು. ಹೆಚ್ಚು ಅಂತರವಿಲ್ಲದಲ್ಲಿ ಎರಡನೆಯದು. ನಾಲ್ಕನೆಯದಾಗಿ, ತೊಗರಿಯ ಹಣ ಬಂದ ದಿನವೇ ಪಾಲು ಮಾಡಬೇಕು: ಮುಂದಿನ ಬಿತ್ತನೆಗೆ ಇಷ್ಟು, ಸೊಸಾಯಿಟಿಗೆ ಇಷ್ಟು, ಮನೆಗೆ ಇಷ್ಟು, ಆಪತ್ತಿಗೆ ಇಷ್ಟು. ಮನೆಯಲ್ಲಿ ಹಿಟ್ಟು ಮುಗಿದರೂ ಬೀಜದ ಚೀಲಕ್ಕೆ ನಾವು ಕೈ ಹಚ್ಚುವುದಿಲ್ಲ. ಆಪತ್ತಿನ ಹಣವನ್ನೂ ಹಾಗೆಯೇ ಕಾಣಬೇಕು. ಸೊಸಾಯಿಟಿಯ ಗಡುವನ್ನಂತೂ ಮರೆಯಬಾರದು. ರಾಜ್ಯ ಸರಕಾರವು 2023ರಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತಾದರೂ, ಆ ಸೌಲಭ್ಯ ಗಡುವಿನೊಳಗೆ ಕಟ್ಟಿದವನಿಗೇ ಸಲ್ಲುತ್ತದೆ.

ಈ ಅಳತೆಯ ಬುದ್ಧಿ ನಮಗೆ ಹೊರಗಿನಿಂದ ಬರಬೇಕಾದುದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದ ಕಥೆ ಯಾರಿಗೆ ಗೊತ್ತಿಲ್ಲ? ಅದನ್ನು ನಾವು ಭಕ್ತಿಯ ಕಥೆಯೆಂದು ಕೇಳುತ್ತೇವೆ. ಇಂದಿಗೆ ಎಷ್ಟು ಬೇಕೆಂಬ ಲೆಕ್ಕ ಆ ಬಡವರ ಮನೆಯಲ್ಲಿ ಸ್ಪಷ್ಟವಾಗಿತ್ತೆಂಬುದನ್ನೂ ಗಮನಿಸಬೇಕು. ಆ ಲೆಕ್ಕ ಹೆಂಗಸಿನ ಕೈಯಲ್ಲಿತ್ತೆಂಬುದನ್ನೂ ಮರೆಯಬಾರದು.

ಕೊನೆಯದಾಗಿ ಒಂದು ಮಾತನ್ನು ಹೇಳಲೇಬೇಕು. ಸಾಲ ತೀರಿಸಲು ಮಾನವೂ ಒಂದು ಕಾರಣವೆಂದು ಹಲವರು ಹೇಳಿದರು. ಆದರೆ ಮಾನ ಎರಡಲಗಿನ ಕತ್ತಿ. ನಾಚಿಕೆಯಿಂದ ಸಾಲವನ್ನು ಹೆಂಡತಿ-ಮಕ್ಕಳಿಗೂ ಹೇಳದೆ ಬಚ್ಚಿಟ್ಟವನು ಒಳಗೊಳಗೇ ಬೇಯುತ್ತಾನೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅದರ ಕೊನೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ. ಮನೆಯ ಯಜಮಾನ ಹೋದ ಮೇಲೆ ಸಾಲದ ಚೀಟಿಗಳು ಟ್ರಂಕಿನಲ್ಲಿ ಸಿಗುತ್ತವೆ! ಬದುಕಿದ್ದಾಗಲೇ ಆ ಚೀಟಿಗಳನ್ನು ಹೊರಗೆ ತೆಗೆದಿದ್ದರೆ ಮನೆಯವರೆಲ್ಲ ಕೂಡಿ ಏನಾದರೂ ಮಾಡುತ್ತಿದ್ದರು. ವಸೂಲಿಗೆ ಬಂದವರು ಬೈದು ಬೆದರಿಸಿದರೆ ತಾಳಿಕೊಳ್ಳಬೇಕಾಗಿಯೂ ಇಲ್ಲ. ಅಂಥ ಕಿರುಕುಳವನ್ನು ಶಿಕ್ಷಾರ್ಹ ಅಪರಾಧವನ್ನಾಗಿಸುವ ಸುಗ್ರೀವಾಜ್ಞೆಯನ್ನು ರಾಜ್ಯ ಸರಕಾರವು 2025ರ ಫೆಬ್ರುವರಿಯಲ್ಲಿ ಹೊರಡಿಸಿತು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ಬಡವರಿಗೂ ಉಚಿತ ನೆರವು ದೊರೆಯುತ್ತದೆ. ಸಾಲ ಕೊಡಬೇಕಾದ ಹಣವೇ ಹೊರತು ಕಳೆದುಕೊಳ್ಳಬೇಕಾದ ಜೀವವಲ್ಲ.

ಗೆಳೆಯರೇ, ನಮ್ಮಲ್ಲಿ ಅನೇಕರು ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಬಡ್ಡಿಯ ಗಣಿತ ನಮಗೆ ಪರೀಕ್ಷೆಯ ಪ್ರಶ್ನೆ. ಮನೆಯಲ್ಲಿ ಅದೇ ಅನ್ನದ ಪ್ರಶ್ನೆ. ಈ ಸಲ ರಜೆಗೆ ಊರಿಗೆ ಹೋದಾಗ ಎರಡು ರೂಲಿನ ಒಂದು ನೋಟುಬುಕ್ಕನ್ನು ಕೊಂಡುಹೋಗಿರಿ. ತಂದೆತಾಯಿಗಳಿಗೆ ಬುದ್ಧಿ ಹೇಳಲು ಹೋಗಬೇಡಿರಿ. ಅವರ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿರಿ. ಮುಂದಿನ ನಿರ್ಧಾರವನ್ನು ಅವರೇ ಮಾಡಿಯಾರು.