ಒಬ್ಬರ ಭಿನ್ನಮತ

ನ್ಯಾಯಪೀಠದಲ್ಲಿ ಬಹುಮತದ ಮಾತು ಅಂದೇ ಆಜ್ಞೆಯಾಗುತ್ತದೆ. ಅಲ್ಪಮತದ ಮಾತು ಕಡತದೊಳಗೆ ಮಲಗುತ್ತದೆ. ಹಾಗೆ ಮಲಗಿದ ಮಾತೊಂದು ಎದ್ದು ಕುಳಿತ ನಿದರ್ಶನ ಸ್ವತಂತ್ರ ಭಾರತದ ಇತಿಹಾಸದಲ್ಲಿಯೇ ಉಂಟು.

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಿತವಾಯಿತು. ಸಾವಿರಾರು ಜನ ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. ಬೆಂಗಳೂರಿನಲ್ಲಿ ಬಂಧಿತರಾದವರಲ್ಲಿ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ ಮೊದಲಾದವರಿದ್ದರು. ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಿಸಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. ಸರ್ಕಾರ ಅದನ್ನೊಪ್ಪದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಅಲ್ಲಿ ಪೀಠದಲ್ಲಿದ್ದವರು ಐವರು. ವಾದ ನಡೆಯುತ್ತಿದ್ದಾಗ ನ್ಯಾಯಮೂರ್ತಿ ಹಂಸರಾಜ್ ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಸಂವಿಧಾನದ 21ನೆಯ ವಿಧಿ ಸ್ವಾತಂತ್ರ್ಯದೊಡನೆ ಜೀವವನ್ನೂ ಕಾಪಾಡುತ್ತದೆ. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಪರಿಹಾರವೇನು? ತುರ್ತು ಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲವೆಂಬುದೇ ದೊರೆತ ಉತ್ತರ.

1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಅದರಿಂದ ಅಂದು ಒಂದು ಸೆರೆಮನೆಯ ಬೀಗವೂ ತೆರೆಯಲಿಲ್ಲ. 1977ರ ಜನವರಿಯಲ್ಲಿ ಹಿರಿತನದಂತೆ ಅವರಿಗೆ ಸಲ್ಲಬೇಕಿದ್ದ ಮುಖ್ಯ ನ್ಯಾಯಾಧೀಶರ ಹುದ್ದೆ ಎಂ.ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆಯಿತ್ತರು.

ಕಾಲಚಕ್ರ ತಿರುಗಿತು. 1978ರ 44ನೆಯ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲಿಯೂ 21ನೆಯ ವಿಧಿಯ ರಕ್ಷಣೆಯನ್ನು ತಡೆಹಿಡಿಯಲಾಗದಂತೆ ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ಮಂದಿಯ ಪೀಠವು 1976ರ ತೀರ್ಪನ್ನು ತಳ್ಳಿಹಾಕಿತು. ಅದು ತಪ್ಪೆಂದು ಬರೆದವರು ಡಿ.ವೈ. ಚಂದ್ರಚೂಡ್, ಆ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ಪುತ್ರರು!

ಸತ್ಯ ತಾನಾಗಿಯೇ ಗೆಲ್ಲುತ್ತದೆಂದು ಇದರಿಂದ ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಲವತ್ತೊಂದು ವರ್ಷ ಹಿಡಿಯಿತು; ಸೆರೆಯಲ್ಲಿ ಕಳೆದ ದಿನಗಳನ್ನು ಯಾವ ತೀರ್ಪೂ ಮರಳಿಸಲಾರದು. ಹಾಗಾದರೆ ಆ ಭಿನ್ನಮತದ ಬೆಲೆಯೇನು? ತಪ್ಪು ನಡೆದ ಮೇಲೆ ‘ಕಾಲವೇ ಹಾಗಿತ್ತು, ಯಾರೇನು ಮಾಡಲಾಗುತ್ತಿತ್ತು?’ ಎನ್ನುವುದು ಲೋಕರೂಢಿ. ಅದೇ ಕಾಲದಲ್ಲಿ, ಅದೇ ಪೀಠದಲ್ಲಿ ಕುಳಿತು, ಅದೇ ಸಂವಿಧಾನವನ್ನೋದಿದ ಒಬ್ಬರು ಬೇರೆ ರೀತಿ ಬರೆದಿಟ್ಟರು. ಆ ನೆಪಕ್ಕೆ ಅಂದಿನಿಂದ ಎಡೆಯಿಲ್ಲದಾಯಿತು. ಇತಿಹಾಸವನ್ನು ಬರೆದಿಡುವುದೂ, ಮರಳಿ ಮರಳಿ ಓದುವುದೂ ಇದಕ್ಕಾಗಿಯೇ.