ಸುಗಂಧವೂ ಮನಸ್ಸೂ

ಗಂಧವು ದೇವರ ಪೂಜೆಗೂ ಮದುವೆಯ ಮನೆಗೂ ಸಲ್ಲತಕ್ಕ ವಸ್ತುವೇ ಹೊರತು ಅದರಿಂದ ಬುದ್ಧಿಗಾಗಲಿ ದುಡಿಮೆಗಾಗಲಿ ಆಗುವುದೇನೂ ಇಲ್ಲವೆಂದು ಭಾವಿಸುವವರು ವಿದ್ಯಾವಂತರಲ್ಲಿಯೂ ಉಂಟು. ಯಾವುದೋ ತೈಲವನ್ನು ಮೂಸಿದ ಮಾತ್ರಕ್ಕೆ ಚಿಂತೆಯೆಲ್ಲ ಕರಗಿ ಜ್ಞಾಪಕಶಕ್ತಿಯು ಇಮ್ಮಡಿಸುವುದೆಂದು ಸಾರುವ ಜಾಹೀರಾತುಗಳಿಗೂ ಕೊರತೆಯಿಲ್ಲ. ಇವೆರಡೂ ಅತಿರೇಕದ ಮಾತುಗಳೆಂದು ನಮ್ಮ ಅಭಿಪ್ರಾಯ.

ಕಣ್ಣು ಕಿವಿಗಳು ತರುವ ಸುದ್ದಿಯು ಮೆದುಳಿನ ನಡುವಣ ಒಂದು ಠಾಣ್ಯವನ್ನು ಹಾದು ಮುಂದಕ್ಕೆ ಹೋಗುತ್ತದೆ. ಮೂಗಿನ ಸುದ್ದಿಯಾದರೋ ಅಲ್ಲಿ ಕಾಯದೆ, ಭಾವನೆಗೂ ನೆನಪಿಗೂ ನೆಲೆಯಾದ ಭಾಗಗಳನ್ನು ಬಹುಮಟ್ಟಿಗೆ ನೇರವಾಗಿಯೇ ಮುಟ್ಟುತ್ತದೆ. ಮಲ್ಲಿಗೆಯ ಕಂಪಿನೊಡನೆ ಎಂದೋ ಮರೆತ ದಿನವೊಂದು ಥಟ್ಟನೆ ನೆನಪಿಗೆ ಬರುವುದು ಇದರಿಂದಲೇ. ವಾಸನೆಯನ್ನು ಗುರುತಿಸುವ ಗ್ರಾಹಕಗಳನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ 2004ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಶ್ರೀಗಂಧವು ಕನ್ನಡ ನಾಡಿನ ಹೆಮ್ಮೆ. ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತಿಗೆ ಅಡ್ಡಿಯುಂಟಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆಯನ್ನು ಇಳಿಸುವ ಕೆಲಸವು ಆರಂಭವಾಯಿತು. ಮರವನ್ನು ಮಾರುತ್ತಿದ್ದ ನಾಡು ಎಣ್ಣೆಯನ್ನೂ ಸಾಬೂನನ್ನೂ ಮಾರಲು ಕಲಿತದ್ದು ಸಣ್ಣ ಸಾಹಸವಲ್ಲ. ತುಮಕೂರು ರಸ್ತೆಯ ಸಾಬೂನು ಕಾರ್ಖಾನೆಯ ಹೆಸರನ್ನು ಇಂದು ಮೆಟ್ರೋ ನಿಲ್ದಾಣವೂ ಹೊತ್ತಿದೆ.

ಗಂಧವು ಮನಸ್ಸನ್ನು ತಂಪಾಗಿಸುವುದೆಂಬುದು ನಮ್ಮ ಹಿರಿಯರ ನಂಬಿಕೆ. ವಿಯೆನ್ನಾದ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಗಂಧದೆಣ್ಣೆಯನ್ನು ಮೂಸಿದವರ ನಾಡಿಯೂ ರಕ್ತದ ಒತ್ತಡವೂ ಇಳಿಯುವುದಕ್ಕೆ ಬದಲಾಗಿ ಏರಿದವು. ಎಣ್ಣೆಯ ಮುಖ್ಯ ಸತ್ತ್ವವಾದ ಸಾಂಟಲಾಲನ್ನು ಮೂಸಿದವರು ತಮ್ಮ ಗಮನವೂ ಉಲ್ಲಾಸವೂ ಹೆಚ್ಚಿದವೆಂದರು. ಇಂಗ್ಲೆಂಡಿನಲ್ಲಿ 2003ರಲ್ಲಿ 144 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ರೋಸ್‌ಮರಿಯ ಕಂಪು ನೆನಪಿನ ಗುಣವನ್ನು ಹೆಚ್ಚಿಸಿತಾದರೂ ವೇಗವನ್ನು ತಗ್ಗಿಸಿತು. ಲ್ಯಾವೆಂಡರಿನಿಂದ ಕೆಲಸದ ನೆನಪು ಕುಗ್ಗಿತು. ಅಮೆರಿಕದ ಓಹಿಯೋದಲ್ಲಿ 2008ರಲ್ಲಿ ನಿಂಬೆಯ ಕಂಪು ಮನಸ್ಸಿಗೆ ಹಿತವೆನಿಸಿತು. ಆದರೆ ದೇಹದಲ್ಲಿ ಉದ್ವೇಗವನ್ನು ಸೂಚಿಸುವ ದ್ರವ್ಯಗಳು ಅದರಿಂದ ತಗ್ಗಲಿಲ್ಲ. ಸುಗಂಧವು ಮನಸ್ಸಿನ ಗೆಳೆಯನೇ ಹೊರತು ವೈದ್ಯನಲ್ಲವೆಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಆದರೆ ದುರ್ಗಂಧದ ಮಾತು ಬೇರೆ. ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಹಂದಿಗಳ ದೊಡ್ಡ ದೊಡ್ಡಿಗಳ ನೆರೆಯಲ್ಲಿ ವಾಸಿಸುವವರನ್ನು 1995ರಲ್ಲಿ ವಿಚಾರಿಸಲಾಗಿ, ಅವರಲ್ಲಿ ಉದ್ವೇಗ, ಖಿನ್ನತೆ, ಕೋಪ, ಆಯಾಸ, ಗೊಂದಲಗಳು ಇತರರಿಗಿಂತ ಹೆಚ್ಚಾಗಿದ್ದುದು ಕಂಡುಬಂದಿತು. ಕಂಪು ಕೊಡುವ ಲಾಭಕ್ಕಿಂತಲೂ ನಾತವು ಮಾಡುವ ನಷ್ಟವೇ ದೊಡ್ಡದೆಂದು ನಮಗೆ ತೋರುತ್ತದೆ.

ಸಾಬೂನು ಕಾರ್ಖಾನೆಯಿಂದ ಕೆಲವೇ ಮೈಲಿಗಳ ಅಂತರದಲ್ಲಿ ಲಗ್ಗೆರೆಯಿದೆ. ಹಿಂದೆ ಹಳ್ಳಿಯಾಗಿದ್ದ ಈ ಊರು ಪೀಣ್ಯದ ಕಾರ್ಖಾನೆಗಳಿಗೂ ವರ್ತುಲ ರಸ್ತೆಗೂ ಮಗ್ಗುಲಾಗಿ, ದುಡಿಯುವ ಜನರ ಒತ್ತಾದ ವಸತಿಯಾಗಿ ಬೆಳೆದಿದೆ. ಪಶ್ಚಿಮ ಬೆಂಗಳೂರಿನ ನಡುವೆ ಹರಿಯುವ ವೃಷಭಾವತಿಯು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಅರ್ಕಾವತಿಯನ್ನು ಸೇರುತ್ತದೆ. ಇಂತಹ ಗಾಳಿಯಲ್ಲಿ ಪರೀಕ್ಷೆಗೆ ಓದುವ ಬಾಲಕನಿಗೂ, ರಾತ್ರಿಯ ಪಾಳಿ ಮುಗಿಸಿ ಮಲಗುವ ಕಾರ್ಮಿಕನಿಗೂ ಗಂಧದ ಮಹಿಮೆಯನ್ನು ಉಪದೇಶಿಸಿ ಫಲವೇನು? ನಾತವನ್ನು ಸದಾ ಸಹಿಸಿದ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ದೂರು ಕಡಿಮೆಯಾಯಿತೆಂದು ಅಧಿಕಾರಿಗಳು ಸಮಾಧಾನಪಡುವುದು ಸರಿಯಲ್ಲ.

ಊದುಬತ್ತಿಯನ್ನು ಹಚ್ಚಿ ಚರಂಡಿಯನ್ನು ಮರೆಯುವುದೂ ಪರಿಹಾರವಲ್ಲ. ಸಾವಿರಾರು ಮನೆಗಳ ಹೆಣ್ಣುಮಕ್ಕಳ ಕೈದುಡಿಮೆಯಿಂದ ನಡೆಯುವ ಈ ಉದ್ಯಮವು ನಮ್ಮ ಆದರಕ್ಕೆ ಪಾತ್ರವಾದುದು ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಅದರ ಹೊಗೆಯು ಎಲ್ಲ ಹೊಗೆಯಂತೆ ಶ್ವಾಸಕೋಶಕ್ಕೆ ಕೇಡು. ಹಚ್ಚುವವರು ಕಿಟಕಿಯನ್ನು ತೆರೆದಿಡಲಿ. ಆ ಕಿಟಕಿಯಿಂದ ಒಳಬರುವ ಗಾಳಿಯು ನಿರ್ಮಲವಾಗಿರುವಂತೆ ನೋಡಿಕೊಳ್ಳುವುದು ನಗರಾಡಳಿತದ ಕರ್ತವ್ಯ. ಲೋಕಕ್ಕೆಲ್ಲ ಸುಗಂಧವನ್ನು ಕಳುಹಿಸುವ ಊರು ತನ್ನ ಮಕ್ಕಳಿಗೆ ದುರ್ಗಂಧವನ್ನು ಉಳಿಸಿಕೊಳ್ಳುವುದು ನಾಡಿನ ಕೀರ್ತಿಗೆ ಶೋಭಿಸದು. ಚರಂಡಿಗಳ ದುರಸ್ತಿಯೂ, ಕಾರ್ಖಾನೆಗಳ ಕಲ್ಮಷದ ತಡೆಯೂ, ಬೀದಿಬೀದಿಗೆ ಸಂಪಿಗೆ ಹೊಂಗೆಗಳ ನೆರಳೂ ಲಗ್ಗೆರೆಯಂತಹ ವಸತಿಗಳಿಗೇ ಮೊದಲು ಸಲ್ಲಬೇಕು.