ಪುಡಿ ಕಟ್ಟಿಸುವ ಮೊದಲು ಒಂದು ಮಾತು ಕೇಳಿ

ನಮ್ಮ ಮಲೆನಾಡಿನ ಕಡೆ ಬೆಳಿಗ್ಗೆ ಯಾರಾದರೂ ಎದುರು ಸಿಕ್ಕರೆ ಮೊದಲು ಕೇಳುವ ಮಾತು “ಕಾಫಿ ಆಯ್ತಾ?” ಎಂದು. ಕಾಫಿ ಎಂದರೆ ಬರೀ ಲೋಟದ ಕಾಫಿಯಲ್ಲ, ಬೆಳಗಿನ ತಿಂಡಿಯೂ ಅದರಲ್ಲೇ ಸೇರಿತು. “ಇವತ್ತು ಕಾಫಿಗೆ ಎಂತ?” ಎಂದರೆ ಕಡುಬೋ, ದೋಸೆಯೋ, ಅಕ್ಕಿರೊಟ್ಟಿಯೋ ಎಂದು ಅರ್ಥ. ತಿಂಡಿಯ ಹೆಸರನ್ನೇ ಕಾಫಿಗೆ ಬಿಟ್ಟುಕೊಟ್ಟ ನಾವು, ಆ ಕಾಫಿಯ ಪುಡಿ ಕೊಳ್ಳಲು ಹೋದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುವುದೇಕೆ?

ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕು ನೋಡುತ್ತೇವೆ. ತೊಗರಿಬೇಳೆಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ಸೀರೆಯಂಗಡಿಯವನು ಕಪಾಟು ಪೂರ್ತಿ ಕೆಳಗಿಳಿಸಿದರೂ ನಮಗೆ ಸಮಾಧಾನವಿಲ್ಲ. ಆದರೆ ಕಾಫಿ ಪುಡಿಯ ಅಂಗಡಿಯಲ್ಲಿ ನಡೆಯುವ ಮಾತುಕತೆ ಇಷ್ಟೇ:

“ಕಾಲು ಕಿಲೋ ಪುಡಿ ಕೊಡಿ ಶೆಟ್ರೇ.”

“ಚಿಕೋರಿ ಎಷ್ಟು ಹಾಕ್ಲಿ ಅಮ್ಮಾ?”

“ಯಾವಾಗಿನ ಹಾಗೇ ಹಾಕಿ.”

ಈ “ಯಾವಾಗಿನ ಹಾಗೆ” ಎಂದರೆ ಎಷ್ಟು ಎಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿರುವ ನನ್ನ ಪರಿಚಯದ ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳುತ್ತಾ ಹೋದೆ. ಖಚಿತವಾಗಿ ಹೇಳಿದವರು ಬಹಳ ಕಡಿಮೆ. ಕೊಪ್ಪದ ಒಬ್ಬ ಗೆಳತಿ ನಗುತ್ತಾ ಹೇಳಿದರು: “ಅದನ್ನು ಗೊತ್ತು ಮಾಡಿದ್ದು ನಮ್ಮ ಮಾವನವರು. ಅವರು ಹೋಗಿ ಹತ್ತು ವರ್ಷ ಆಯ್ತು ಮಾರಾಯ್ತಿ. ಆ ಲೆಕ್ಕ ಇರೋದು ಅವರ ಹತ್ರ, ಇಲ್ಲಾ ಅಂಗಡಿಯವರ ಹತ್ರ!” ಅವರೇ ಇನ್ನೊಂದು ಮಾತನ್ನೂ ಸೇರಿಸಿದರು. ಅವರ ಯಜಮಾನರು ಹೋದರೆ ಅಂಗಡಿಯವರು ಹುರಿದ ಬೀಜವನ್ನು ಅಂಗೈಗೆ ಸುರಿದು, “ಪೀಬರಿ ಬಂದಿದೆ, ಪರಿಮಳ ನೋಡಿ” ಎನ್ನುತ್ತಾರಂತೆ. ಇವರು ಹೋದರೆ “ಕಾಲೋ, ಅರ್ಧವೋ?” ಅಷ್ಟೆ. ದಿನಕ್ಕೆ ನಾಲ್ಕು ಸಲ ಡಿಕಾಕ್ಷನ್ ಹಾಕುವವರು ಯಾರು, ಪರಿಮಳ ನೋಡುವವರು ಯಾರು!

ಶೃಂಗೇರಿಯ ಗೃಹಿಣಿಯೊಬ್ಬರದು ಬೇರೆಯೇ ಕಥೆ. ಶಾರದಾಂಬೆಯ ದರ್ಶನಕ್ಕೆ ಬರುವ ನೆಂಟರು, ನೆಂಟರ ನೆಂಟರು ಎಲ್ಲ ಅವರ ಮನೆಗೆ ಬಂದೇ ಹೋಗುತ್ತಾರೆ. ನವರಾತ್ರಿಯಲ್ಲಂತೂ ಒಲೆಯ ಮೇಲಿಂದ ಪಾತ್ರೆ ಇಳಿಯುವುದಿಲ್ಲ. ಅವರು ಬೇಕೆಂದೇ ಚಿಕೋರಿ ಜಾಸ್ತಿ ಹಾಕಿಸುತ್ತಾರೆ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ, ನಾಲ್ಕು ಲೋಟ ಹೆಚ್ಚಿಗೆ ಆಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಚಿಕೋರಿ ವಿಷವಲ್ಲ. ಅದೊಂದು ಗಿಡದ ಬೇರು, ನಮ್ಮ ದೇಶದಲ್ಲಿ ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಕಾಫಿಯಲ್ಲಿರುವ ಕೆಫೀನು ಅದರಲ್ಲಿಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ನೆಪೋಲಿಯನ್ನನ ಕಾಲದಲ್ಲಿ ಹಡಗುಗಳು ಬಾರದೆ ಕಾಫಿಗೆ ಬರ ಬಂದಾಗ ಫ್ರಾನ್ಸಿನವರು ಇದನ್ನೇ ಬೆರೆಸಿ ಕುಡಿಯುವುದನ್ನು ರೂಢಿ ಮಾಡಿಕೊಂಡರು. ಬೇಕಾದವರು ಹಾಕಿಸಿಕೊಳ್ಳಲಿ. ನನ್ನ ತಕರಾರು ಚಿಕೋರಿಯ ಮೇಲಲ್ಲ, ಚಿಕೋರಿಗೆ ಕಾಫಿಯ ದುಡ್ಡು ಕೊಡುವುದರ ಮೇಲೆ.

ಲೆಕ್ಕ ಸುಲಭವಾಗಲಿ ಎಂದು ಹೀಗೆ ಇಟ್ಟುಕೊಳ್ಳಿ. ಶುದ್ಧ ಪುಡಿ ಕಿಲೋಗೆ 1000 ರೂಪಾಯಿ, ಚಿಕೋರಿ 200 ರೂಪಾಯಿ. ಕಾಫಿ 80 ಪಾಲು, ಚಿಕೋರಿ 20 ಪಾಲು ಇದ್ದರೆ ಆ ಕಿಲೋ ಪುಡಿಯ ಅಸಲು 840 ರೂಪಾಯಿ. 60-40 ಆದರೆ 680. ಎರಡಕ್ಕೂ 160 ರೂಪಾಯಿ ಅಂತರ. 80-20 ಎಂದುಕೊಂಡು 60-40 ಮನೆಗೆ ತಂದರೆ, ತಿಂಗಳಿಗೊಂದು ಕಿಲೋ ಖರ್ಚಾಗುವ ಮನೆಯಲ್ಲಿ ವರ್ಷಕ್ಕೆ 1920 ರೂಪಾಯಿ ಯಾರದೋ ಗಲ್ಲಾಪೆಟ್ಟಿಗೆಗೆ ಹೋಯಿತು. ಸಾಸಿವೆ ಡಬ್ಬದಲ್ಲಿ ಅಷ್ಟು ಉಳಿಸಲು ನಮಗೆ ಎಷ್ಟು ದಿನ ಬೇಕು ಹೇಳಿ. ಅದರಲ್ಲೂ 2024ರಲ್ಲಿ ಬ್ರೆಜಿಲ್, ವಿಯೆಟ್ನಾಂ ಕಡೆ ಮಳೆ ಕೈಕೊಟ್ಟು, 2025ರ ಫೆಬ್ರುವರಿಯಲ್ಲಿ ಹೊರದೇಶದ ಪೇಟೆಯಲ್ಲಿ ಅರೇಬಿಕಾ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಅಲ್ಲಿ ಏರಿದ್ದು ಇಲ್ಲಿ ನಮ್ಮ ಪೊಟ್ಟಣದ ಮೇಲೂ ಬಂತು. ಕಾಫಿ ದುಬಾರಿಯಾದಷ್ಟೂ ಬೇರನ್ನು ತುಸು ಹೆಚ್ಚು ಸೇರಿಸುವ ಆಸೆ ಯಾರಿಗಾದರೂ ಹುಟ್ಟೀತು.

ಕಾನೂನು ಏನು ಹೇಳುತ್ತದೆ? ಕಾಫಿ-ಚಿಕೋರಿ ಮಿಶ್ರಣವೆಂದು ಮಾರುವ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿ ಇರಲೇಬೇಕು. ಯಾವುದು ಎಷ್ಟು ಪಾಲು ಎಂಬುದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿರಬೇಕು. ಕನ್ನಡಕ ಹಾಕಿಕೊಂಡು ಹುಡುಕಿ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ‘ಸ್ಪೆಷಲ್’, ‘ಸ್ಟ್ರಾಂಗ್’ ಎಂದು ಮುಂದೆ ದೊಡ್ಡದಾಗಿ ಬರೆದದ್ದಕ್ಕೆ ಅರ್ಥವೇನೂ ಇಲ್ಲ.

ಬಿಡಿ ಪುಡಿ ತಂದವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಲಕಬೇಡಿ. ಕಾಫಿ ಪುಡಿ ಮೇಲೆಯೇ ತೇಲುತ್ತಿರುತ್ತದೆ. ಚಿಕೋರಿಯಾದರೆ ಕಂದು ಬಣ್ಣದ ಗೆರೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ. “ಶುದ್ಧ ಕಾಫಿ” ಎಂದು ದುಡ್ಡು ಕೊಟ್ಟು ತಂದ ಪುಡಿಯನ್ನು ನನ್ನ ಓರಗಿತ್ತಿ ಹೀಗೆ ಉದುರಿಸಿದಾಗ ಕ್ಷಣದಲ್ಲೇ ನೀರೆಲ್ಲ ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿತು. ಅಂಗಡಿಯ ಹೆಸರೂ ಊರಿನ ಹೆಸರೂ ಬೇಡ. ಎಷ್ಟು ಪಾಲು ಬೆರೆಸಿದೆ ಎಂಬ ಲೆಕ್ಕ ಈ ಪರೀಕ್ಷೆಯಿಂದ ಸಿಗುವುದಿಲ್ಲ. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಶುದ್ಧ ಪುಡಿಯನ್ನೂ ಚಿಕೋರಿಯನ್ನೂ ಬೇರೆ ಬೇರೆ ಕಟ್ಟಿಸಿಕೊಂಡು ಬರುವುದು. 200 ಗ್ರಾಂ ಕಾಫಿಗೆ 50 ಗ್ರಾಂ ಚಿಕೋರಿ ಬೆರೆಸಿದರೆ 80-20ರ ಕಾಲು ಕಿಲೋ ಆಯಿತು. ಬೆರೆಸುವ ಚಮಚ ನಮ್ಮ ಕೈಯಲ್ಲೇ ಇದ್ದರೆ ಅನುಮಾನಕ್ಕೆ ಜಾಗವೆಲ್ಲಿ?

ಸ್ವಂತ ತೋಟದ ಬೀಜ ಕೊಟ್ಟು ಹುರಿಸಿ, ಬೀಸಿಸಿ ತರುವವರೂ ನಮ್ಮಲ್ಲಿ ಇದ್ದಾರೆ. ಅವರಿಗೊಂದು ಮಾತು. ಹುರಿಯುವಾಗ ಬೀಜದ ನೀರಿನಂಶ ಆರಿ ತೂಕ ಇಳಿಯುತ್ತದೆ. ಒಂದು ಕಿಲೋ ಬೀಜಕ್ಕೆ 800ರಿಂದ 850 ಗ್ರಾಂ ಪುಡಿ ಬಂದರೆ ಸರಿಯಾಗಿ ಬಂತು ಎಂದು ತಿಳಿಯಿರಿ. ಕಿಲೋಗೆ ಕಿಲೋ ಬಂತೆಂದರೆ ಸಂತೋಷಪಡಬೇಡಿ, ಅನುಮಾನಪಡಿ!

ಇನ್ನು ನರಸಿಂಹರಾಜಪುರದ ಹಿರಿಯರೊಬ್ಬರ ಅನುಭವ. ಅವರ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಈಚೆಗೆ ಅಲ್ಲಿ ಕಾಫಿಗೆಂದೇ ಹೊಸ ನಮೂನೆಯ ಅಂಗಡಿಗಳು ಎದ್ದಿವೆಯಲ್ಲ, ಅಂಥ ಒಂದಕ್ಕೆ ತಾಯಿಯನ್ನು ಕರೆದುಕೊಂಡು ಹೋದಳಂತೆ. ಹುಡುಗನೊಬ್ಬ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ಕೊಳವೆಯಂಥದ್ದರಲ್ಲಿ ಕಾಗದ ಇಟ್ಟು, ಕೊಕ್ಕರೆ ಕೊಕ್ಕಿನ ಹಾಗಿರುವ ಕೆಟಲಿನಿಂದ ಬಿಸಿನೀರನ್ನು ಸುತ್ತಲೂ ಸಣ್ಣಗೆ ಸುರಿದ. “ಇದಕ್ಕೆಂತ ಇಷ್ಟು ಆಟ? ನಮ್ಮ ಅಮ್ಮ ಬಟ್ಟೇಲಿ ಸೋಸ್ತಿದ್ರಲ್ಲ, ಹಾಗೇ ಅಲ್ವೇನೇ?” ಎಂದರಂತೆ ತಾಯಿ. ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದರೆ ಹುಳಿ ಹುಳಿ. ಬಿಲ್ಲು ಇನ್ನೂರು ರೂಪಾಯಿಯ ಮೇಲೆ. ಆ ದುಡ್ಡಿಗೆ ಎಷ್ಟು ಹಾಲು ಬರುತ್ತಿತ್ತು ಎಂದು ಅವರು ಈಗಲೂ ಲೆಕ್ಕ ಹಾಕುತ್ತಾರೆ.

ಆದರೆ ಅವರು ಮರೆಯದೆ ಹೇಳಿದ ಇನ್ನೊಂದು ಸಂಗತಿ ಕೇಳಿ. ಅಲ್ಲಿ ಮಾರಲಿಟ್ಟ ಪ್ರತಿ ಪೊಟ್ಟಣದ ಮೇಲೂ ಯಾವ ತೋಟದ ಬೀಜ, ಯಾವ ತಳಿ, ಯಾವ ತಾರೀಖಿನಂದು ಹುರಿದದ್ದು ಎಲ್ಲ ಬರೆದಿತ್ತು. ಒಂದರ ಮೇಲೆ ‘ಎಸ್. 795’ ಎಂದಿತ್ತು. ಏನಪ್ಪಾ ಇದು ಎಂದರೆ, ಆ ಹುಡುಗ, “ಇದು ಬಾಳೆಹೊನ್ನೂರಿನಲ್ಲಿ ಕಂಡುಹಿಡಿದ ತಳಿ ಮೇಡಂ, ಚಿಕ್ಕಮಗಳೂರು ಜಿಲ್ಲೆ” ಎಂದು ವಿವರಿಸಲು ಹೊರಟನಂತೆ. ಬಾಳೆಹೊನ್ನೂರು ಅವರ ತಾಲ್ಲೂಕಿನದೇ ಊರು!

ನಿಜವೇ. ಎಲೆರೋಗದಿಂದ ತೋಟಗಳು ಹಾಳಾಗುತ್ತಿದ್ದಾಗ ಮೈಸೂರು ಸರ್ಕಾರ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಒಂದು ಸಂಶೋಧನಾ ಘಟಕ ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಪ್ರಯೋಗ ಕೇಂದ್ರವಾಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್. 795 ತಳಿ ಇವತ್ತಿಗೂ ನಮ್ಮ ತೋಟಗಳಲ್ಲಿ ನಿಂತಿದೆ. ಅಂದರೆ ನಮ್ಮ ಬಗಲಿನ ಕಾಫಿಯ ಹೆಸರು ಬೆಂಗಳೂರಿನ ಹುಡುಗನಿಗೆ ಗೊತ್ತು, ಅದೇ ತಾಲ್ಲೂಕಿನ ನಾವು “ಯಾವಾಗಿನ ಹಾಗೆ” ಎಂದು ಕೈ ಚಾಚುತ್ತೇವೆ.

ಇದಕ್ಕೊಂದು ಹಿನ್ನೆಲೆಯೂ ಇದೆಯೆಂದು ನನಗೆ ತೋರುತ್ತದೆ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ ಒಪ್ಪಿಸಬೇಕಿತ್ತು. ಬಿತ್ತನೆಗೆ, ಮನೆ ಖರ್ಚಿಗೆ ಎಂದು ಒಂದಿಷ್ಟು ಮಾತ್ರ ಇಟ್ಟುಕೊಳ್ಳಬಹುದಿತ್ತು. 1990ರ ದಶಕದಲ್ಲಿ ಈ ಕಟ್ಟು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆದವರು ಬೇಕಾದವರಿಗೆ ಮಾರುವಂತಾಯಿತು. ಆದರೂ ಎಷ್ಟೋ ಮನೆಗಳಲ್ಲಿ ಹಳೆಯ ಅಭ್ಯಾಸ ಹೋಗಲಿಲ್ಲ. ಒಳ್ಳೆಯದೆಲ್ಲ ಮೂಟೆಗೆ, ಒಡಕು, ಜಳ್ಳು, ನೆಲದಿಂದ ಹೆಕ್ಕಿದ್ದು ಅಡಿಗೆಮನೆಗೆ. ಆ ಅಡಿಗೆಮನೆಯಲ್ಲೂ ಮೊದಲ ಡಿಕಾಕ್ಷನ್ ಗಂಡಸರಿಗೆ, ನೆಂಟರಿಗೆ. ಮತ್ತೆ ನೀರು ಹಾಕಿ ಇಳಿಸಿದ ಎರಡನೆಯದು ಹೆಂಗಸರಿಗೆ. ನನಗೆ ತಿಳಿದ ಒಬ್ಬ ಅಜ್ಜಿ ಎಂಬತ್ತು ವರ್ಷ ತೋಟದ ಮನೆಯಲ್ಲಿ ಬಾಳಿ, ಎರಡನೇ ಡಿಕಾಕ್ಷನ್ನನ್ನೇ ಕಾಫಿಯೆಂದು ಕುಡಿದು ಹೋದರು.

ಹೊಸ ಅಂಗಡಿಯ ಹುಳಿ ಕಾಫಿ ನಮಗೆ ಬೇಡ. ಅಲ್ಲಿಂದ ಪುಡಿ ತರಿಸುವುದಾದರೆ ಹಾಲಿಗೆ ಹೊಂದುವ, ತುಸು ಕಪ್ಪಗೆ ಹುರಿದದ್ದನ್ನೇ ಕೇಳಿ, ಎಳೆಯದಾಗಿ ಹುರಿದದ್ದು ಹಾಲಿನಲ್ಲಿ ರುಚಿಸುವುದಿಲ್ಲ. ಆದರೆ ಅಲ್ಲಿ ಪೊಟ್ಟಣದ ಮೇಲೆ ಬರೆಯುವ ವಿಷಯವನ್ನು ನಮ್ಮ ಪೇಟೆಯ ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಕೇಳಬಹುದಲ್ಲ? ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು? ಅರೇಬಿಕಾದಲ್ಲಿ ಪರಿಮಳ ಹೆಚ್ಚು. ರೋಬಸ್ಟಾ ಕಹಿ, ಖಡಕ್ಕು, ಕೆಫೀನು ಹೆಚ್ಚುಕಡಿಮೆ ಎರಡರಷ್ಟು. ರಾತ್ರಿ ನಿದ್ದೆ ಬಾರದ ಹಿರಿಯರಿದ್ದರೆ ಇದನ್ನು ವಿಚಾರಿಸಲೇಬೇಕು. ಬೀಜ ಹುರಿದದ್ದು ಯಾವತ್ತು? ಹದಿನೈದು ದಿನ ದಾಟಿದ ಪುಡಿಯಾದರೆ ಬೇಡವೆನ್ನಿ, ಬೀಜವನ್ನು ಎದುರಿಗೇ ಬೀಸಲು ಹೇಳಿ. ಒಳ್ಳೆಯ ಅಂಗಡಿಯವರು ಬೇಸರಪಡುವುದಿಲ್ಲ. ಕೊಪ್ಪದ ಆ ಗೆಳತಿ ಹೋದ ತಿಂಗಳು ಇಷ್ಟನ್ನೂ ಕೇಳಿದ್ದಕ್ಕೆ, ಅಂಗಡಿಯವರು ಸ್ಟೂಲು ಹಾಕಿ ಕೂರಿಸಿ, ಮೂರು ಡಬ್ಬದ ಮುಚ್ಚಳ ತೆಗೆದು ತೋರಿಸಿದರಂತೆ.

ಕಡೆಯದಾಗಿ ಡಿಕಾಕ್ಷನ್ ಹದ. ನಾಲ್ಕು ಲೋಟ ಕಾಫಿಗೆ ನಾಲ್ಕು ದೊಡ್ಡ ಚಮಚ ತುಂಬ ಪುಡಿ ಫಿಲ್ಟರಿಗೆ ಹಾಕಿ, ಹಗುರವಾಗಿ ಒತ್ತಿ. ಗಟ್ಟಿಯಾಗಿ ಅದುಮಿದರೆ ಇಳಿಯುವುದೇ ಇಲ್ಲ. ಕುದಿದ ನೀರನ್ನು ಇಳಿಸಿ ಅರೆ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು, ಆಮೇಲೆ ಉಳಿದದ್ದು, ಒಟ್ಟು ಒಂದು ದೊಡ್ಡ ಲೋಟದಷ್ಟು ಸುರಿದು ಮುಚ್ಚಿಡಿ. ಇಪ್ಪತ್ತು ನಿಮಿಷದಲ್ಲಿ ಇಳಿದಿರುತ್ತದೆ. ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ, ಹಾಲನ್ನು ಮಾತ್ರ ಕಾಯಿಸಿ. ಮಳೆಗಾಲದಲ್ಲಿ ಪುಡಿ ಬೇಗ ಥಂಡಿ ಹಿಡಿಯುವುದರಿಂದ ಕಾಲು ಕಿಲೋಗಿಂತ ಹೆಚ್ಚು ಕಟ್ಟಿಸಬೇಡಿ, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ಒಣ ಚಮಚವನ್ನೇ ಹಾಕಿ. ನಾಲ್ಕು ಲೋಟವನ್ನೂ ಮೊದಲ ಡಿಕಾಕ್ಷನ್ನಿನಲ್ಲೇ ಬೆರೆಸಿ, ನಿಮ್ಮದೂ ಸೇರಿ. ಚರಟಕ್ಕೆ ಮತ್ತೆ ನೀರು ಸುರಿಯುವ ಬದಲು ಅದನ್ನು ಹಿತ್ತಲಿನ ಮಲ್ಲಿಗೆ ಬುಡಕ್ಕೆ ಹಾಕಿ.